ಗ್ಯಾರೇಜಿನ ನೆಲಕ್ಕೆ ನಾನೇ ಎಪಾಕ್ಸಿ ಹೊಡೆದಿದ್ದು

ಎರಡು ಮಳೆಗಾಲ ಕಳೆಯಲಿ, ಆಮೇಲೆ ಬರೆಯೋಣ ಅಂತ ಕಾದಿದ್ದೆ. ಕಳೆದಾಯಿತು. ನೆಲಕ್ಕೆ ಹೊಡೆದ ಎಪಾಕ್ಸಿ, ಅಂದರೆ ಎರಡು ಡಬ್ಬಿಯ ಮಾಲು ಕಲಸಿ ಹೊಡೆಯುವ, ಕಲ್ಲಿನ ಹಾಗೆ ಗಟ್ಟಿಯಾಗುವ ಪೇಂಟ್, ಒಂದು ಕಡೆಯೂ ಎದ್ದಿಲ್ಲ.

ಶಿವಮೊಗ್ಗದಲ್ಲಿ ನನ್ನದು ಕಾರು ರಿಪೇರಿ ಗ್ಯಾರೇಜು. 20ಕ್ಕೆ 30 ಅಡಿ, ಮೇಲೆ ತಗಡಿನ ಶೀಟು. ಕಾಂಕ್ರೀಟ್ ಹಾಕಿಸಿದ್ದು 2011ರಲ್ಲಿ. ಮಣ್ಣಿನ ಒದ್ದೆ ಮೇಲೆ ಬಾರದ ಹಾಗೆ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಕಿಸಿರಲಿಲ್ಲ. ಆಗ ಯಾರೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಮೇಸ್ತ್ರಿ ಕೊನೆಗೆ ಸಿಮೆಂಟ್ ಪುಡಿ ಎರಚಿ, ನೀರು ಚಿಮುಕಿಸಿ, ಕರಣೆಯಲ್ಲಿ ಕನ್ನಡಿ ತರಹ ತೀಡಿದ್ದರು. ನೋಡಲು ಬಹಳ ಚಂದ ಇತ್ತು. ಆ ಚಂದವೇ ಮುಂದೆ ನನಗೆ ಸಾವಿರಾರು ರೂಪಾಯಿ ಖರ್ಚು ಹಚ್ಚಿತು.

2019ರಲ್ಲಿ ಮೊದಲ ಸಲ ಅಂಗಡಿಯಲ್ಲಿ ಸಿಗುವ ಫ್ಲೋರ್ ಪೇಂಟ್ ಹೊಡೆದೆ. ಸುಮಾರು 6 ಸಾವಿರ ಆಯಿತು. ಬೇಸಿಗೆ ಮುಗಿಯುವುದರೊಳಗೆ ಹೋಯಿತು. ಅದರ ಬಗ್ಗೆ ಹೇಳುವುದು ಏನೂ ಇಲ್ಲ, ಗ್ಯಾರೇಜಿಗೆ ಅದು ಆಗಿಬರುವ ಮಾಲಲ್ಲ.

ಎರಡನೆಯದು 2022ರ ನವೆಂಬರ್. ಈ ಸಲ ಎಪಾಕ್ಸಿಯೇ ತಂದೆ. ವಾಷಿಂಗ್ ಸೋಡಾ ಹಾಕಿ ತಿಕ್ಕಿದೆ, ಆಸಿಡ್ ವಾಶ್ ಮಾಡಿದೆ, ಮೂರು ದಿನ ಒಣಗಿಸಿದೆ, ಪ್ರೈಮರ್ ಮೇಲೆ ಎರಡು ಕೋಟ್. ಹೆಚ್ಚು ಕಡಿಮೆ 19 ಸಾವಿರ ಕೈಬಿಟ್ಟಿತು. ಇಪ್ಪತ್ತು ದಿನ ನೆಲ ಬೆಳ್ಳಗೆ ಹೊಳೆಯಿತು. ಆಮೇಲೆ ಒಂದು ಮಧ್ಯಾಹ್ನ, ಭದ್ರಾವತಿಯಿಂದ ಬಿಸಿಲಲ್ಲಿ ಓಡಿಸಿಕೊಂಡು ಬಂದ ಕಾರನ್ನು ಒಳಗೆ ನಿಲ್ಲಿಸಿ ಸಂಜೆ ಹೊರಗೆ ತೆಗೆದರೆ, ಮುಂದಿನ ಎರಡೂ ಚಕ್ರದ ಜಾಗದಲ್ಲಿ ಅಂಗೈ ಅಗಲ ಪೇಂಟ್ ಟೈರಿಗೇ ಅಂಟಿಕೊಂಡು ಎದ್ದು ಬಂತು.

ಪಕ್ಕದ ಟಿಂಕರಿಂಗ್ ಶೆಡ್ಡಿನವರು ಬಂದು ನೋಡಿ, "ಮಲೆನಾಡಲ್ಲಿ ಇದೆಲ್ಲ ನಿಲ್ಲಲ್ಲ ಮಾರಾಯ್ರೇ" ಅಂದರು. ಭಾವ, "ಸುಮ್ನೆ ಟೈಲ್ಸ್ ಹಾಕ್ಸು" ಅಂದ. ಜಾಕ್ ಕೊಟ್ಟ ಕಡೆ ಟೈಲ್ಸ್ ಎಷ್ಟು ದಿನ ಬಾಳುತ್ತದೆ ಅಂತ ನಮ್ಮ ಕೆಲಸದವರಿಗೆ ಹೇಳಬೇಕಾಗಿಲ್ಲ. ಪೇಂಟ್ ಅಂಗಡಿಯವನು ಮಾತ್ರ ಇನ್ನೂ ದುಬಾರಿ ಡಬ್ಬಿ ತೋರಿಸಿದ. ಅದನ್ನು ತಂದಿದ್ದರೆ ಅದೂ ಎದ್ದಿರುತ್ತಿತ್ತು.

ನಾನು ಮಾಡಿದ್ದು ಒಂದೇ ಕೆಲಸ. ಎದ್ದ ಚಕ್ಕೆಗಳನ್ನು ಬಿಸಾಡದೆ ತಿರುಗಿಸಿ ನೋಡಿದೆ. ಮೂರು ಜಾಗದ ಮೂರು ಚಕ್ಕೆ, ಒಂದು ಗ್ರೀಸ್ ಡಬ್ಬಿಯ ಮುಚ್ಚಳದಲ್ಲಿ ಇಟ್ಟುಕೊಂಡೆ. ಟೈರಿನ ಜಾಗದ ಚಕ್ಕೆಯ ಹಿಂಬದಿಯಲ್ಲಿ ಬೂದು ಬಣ್ಣದ ಸಿಮೆಂಟ್ ಪದರ ಅಂಟಿತ್ತು, ಉಗುರಲ್ಲಿ ಕೆರೆದರೆ ಪುಡಿ. ಅಂದರೆ ಪೇಂಟ್ ಬಿಟ್ಟಿಲ್ಲ, ಪೇಂಟ್ ಹಿಡಿದ ಸಿಮೆಂಟೇ ಬಿಟ್ಟಿದೆ. ಮೇಸ್ತ್ರಿ ತೀಡಿದ ಆ ಕನ್ನಡಿ ಪದರ. ಆಸಿಡ್ ಅದನ್ನು ಪೂರ್ತಿ ತಿಂದಿರಲಿಲ್ಲ. ಇಂಜಿನ್ ಬಿಚ್ಚುವ ಜಾಗದ ಚಕ್ಕೆಯ ಹಿಂಬದಿ ನುಣ್ಣಗೆ, ಕಂದು ಬಣ್ಣ, ಮೂಸಿದರೆ ಹಳೇ ಆಯಿಲ್ ವಾಸನೆ. ಹಿಂದಿನ ಗೋಡೆಯ ಮೂಲೆಯ ಚಕ್ಕೆ ಒದ್ದೆ, ಅದರ ಮೇಲೆ ಉಪ್ಪಿನ ಹಾಗೆ ಬಿಳಿ ಪುಡಿ. ಕಾಯಿಲೆ ಒಂದಲ್ಲ, ಮೂರು. ನಾನು ಮೂರಕ್ಕೂ ಒಂದೇ ಔಷಧಿ ಕೊಟ್ಟಿದ್ದೆ. ನಿಮ್ಮ ನೆಲ ಎದ್ದಿದ್ದರೆ ದಯವಿಟ್ಟು ಮೊದಲು ಚಕ್ಕೆ ತಿರುಗಿಸಿ ನೋಡಿ. ಹೊಸ ಡಬ್ಬಿ ತರುವುದು ಆಮೇಲೆ.

ಮೊದಲು ಒದ್ದೆಯ ಕಾಯಿಲೆ ಕೈಗೆತ್ತಿಕೊಂಡೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಐದು ಕಡೆ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ, ಒಂದು ರಾತ್ರಿ ಬಿಟ್ಟು ಮಾರನೇ ದಿನ ಮಧ್ಯಾಹ್ನ ಬಿಚ್ಚಿದೆ. ಹಿಂದಿನ ಮೂಲೆಯಲ್ಲಿ ಹಾಳೆಯ ಕೆಳಗೆ ಹನಿ ಹನಿ ನೀರು. ಉಳಿದ ಕಡೆ ಕಾಂಕ್ರೀಟ್ ಸ್ವಲ್ಪ ಕಪ್ಪಾಗಿತ್ತು ಅಷ್ಟೆ. ಗೋಡೆಯ ಆಚೆ ಹೋಗಿ ನೋಡಿದರೆ ಶೀಟಿನ ನೀರೆಲ್ಲ ನೇರ ಗೋಡೆಯ ಬುಡಕ್ಕೇ ಬೀಳುತ್ತಿತ್ತು. ವಾಟರ್ ಸರ್ವಿಸ್ ಮಾಡುವ ನೀರೂ ಅಲ್ಲಿಗೇ ಹರಿಯುತ್ತಿತ್ತು. ಒಂದೂವರೆ ಅಡಿ ಆಳದ ಚರಂಡಿ ತೋಡಿಸಿ ಜಲ್ಲಿ ತುಂಬಿಸಿ, ಶೀಟಿನ ಅಂಚಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟಿಸಿದೆ. ಎಲ್ಲ ಸೇರಿ 5 ಸಾವಿರದ ಆಸುಪಾಸು. ಆಮೇಲೆ ಒಂದು ಇಡೀ ಮಳೆಗಾಲ, ಒಂದು ಚಳಿಗಾಲ ಸುಮ್ಮನಿದ್ದೆ. ಇದೇ ಕಷ್ಟದ ಭಾಗ. 2024ರ ಫೆಬ್ರವರಿ ಕೊನೆಗೆ ಮತ್ತೆ ಹಾಳೆ ಅಂಟಿಸಿದರೆ ನಾಲ್ಕು ಕಡೆ ಒಣಗಿತ್ತು, ಮೂಲೆಯಲ್ಲಿ ತುಸು ಮಬ್ಬು. ಆ ಮೂಲೆಗೆ ಮಾತ್ರ ಒದ್ದೆ ತಡೆಯುವ ಪ್ರೈಮರ್ ಎರಡು ಕೋಟ್ ಅಂತ ತೀರ್ಮಾನ ಮಾಡಿದೆ.

ಈ ಕಾಯುವ ಸಮಯದಲ್ಲೇ ಆಯಿಲ್ ತೆಗೆಯುವ ಪ್ರಯೋಗ ನಡೆದಿತ್ತು. ಹನ್ನೆರಡು ವರ್ಷ ಕುಡಿದ ಆಯಿಲ್ ಸೋಪಿಗೆ ಬರುವುದಿಲ್ಲ. ಮೇಲೆ ಹೋದ ಹಾಗೆ ಕಾಣುತ್ತದೆ, ಎರಡು ದಿನಕ್ಕೆ ಕೆಳಗಿಂದ ಮತ್ತೆ ಬರುತ್ತದೆ. ಹೀರುವ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ, ಇಡ್ಲಿ ಹಿಟ್ಟಿನಷ್ಟು ಗಟ್ಟಿ ಮಾಡಿ ಬಳಿದು, ಮೇಲೆ ಹಾಳೆ ಮುಚ್ಚಿ ರಾತ್ರಿ ಬಿಡಬೇಕು. ಶಟರ್ ಎತ್ತಿರಬೇಕು, ಹತ್ತಿರ ಬೆಂಕಿ ಕಿಡಿ ಇರಬಾರದು. ಮರದ ಹೊಟ್ಟು ಹಾಕಿ ನೋಡಿದೆ, ಪರವಾಗಿಲ್ಲ. ರೈಸ್ ಮಿಲ್ಲಿಂದ ತೌಡು ತಂದೆ, ಕೆಲಸಕ್ಕೆ ಬರಲಿಲ್ಲ. ತೌಡಿನಲ್ಲೇ ಎಣ್ಣೆ ಇರುತ್ತದೆ ಅಲ್ವಾ, ಅದೆಲ್ಲಿಂದ ಇನ್ನೊಂದು ಎಣ್ಣೆ ಹೀರೀತು! ಅದೇ ಮಿಲ್ಲಿನ ಹೊಟ್ಟಿನ ಬೂದಿ ಮಾತ್ರ ಚೆನ್ನಾಗಿ ಹೀರಿತು. ಅದರ ಜೊತೆಗೆ ಇನ್ನೊಂದು ಪುಡಿ ಸೇರಿಸಿದ ಮೇಲೆ ನಾಲ್ಕು ಸಲದ ಕೆಲಸ ಎರಡು ಸಲಕ್ಕೆ ಮುಗಿಯಿತು. ಆ ಪುಡಿ ಯಾವುದು, ಎಷ್ಟು ಅಂತ ಸದ್ಯಕ್ಕೆ ಬರೆಯುವುದಿಲ್ಲ. ಅದಕ್ಕೆ ನಾನು ಮೂರು ತಿಂಗಳು ಕೊಟ್ಟಿದ್ದೇನೆ.

ಇಂಜಿನ್ ಬಿಚ್ಚುವ ಜಾಗದಲ್ಲಿ ಅದೂ ಸಾಕಾಗಲಿಲ್ಲ. ನೀರಿನ ಹನಿ ಬಿಟ್ಟರೆ ಕೆಸುವಿನ ಎಲೆ ಮೇಲೆ ಕೂತ ಹಾಗೆ ಉರುಟಾಗಿ ಕೂರುತ್ತಿತ್ತು. ಮೂರಡಿ ಉದ್ದ, ಎರಡಡಿ ಅಗಲ ಉಳಿಯಲ್ಲಿ ಒಂದಿಂಚು ಒಡೆದು ತೆಗೆದು, ಎಪಾಕ್ಸಿಗೆ ಸಿಲಿಕಾ ಮರಳು ಕಲಸಿ ತುಂಬಿದೆ. ಈಗ ಇಡೀ ನೆಲದಲ್ಲಿ ಗಟ್ಟಿ ಜಾಗ ಅಂದರೆ ಅದೇ.

ಇನ್ನು ಆ ಕನ್ನಡಿ ಪದರ. ಮೊಸಾಯಿಕ್ ಪಾಲಿಶ್ ಮಾಡುವ ಮೆಷಿನ್ ಬಾಡಿಗೆಗೆ ತಂದೆ, ದಿನಕ್ಕೆ 1,500. ಮೊದಲ ದಿನ ಮೊಸಾಯಿಕ್‌ನವರು ಮಾಡುವ ಹಾಗೇ ನೀರು ಹರಿಸಿ ಕಲ್ಲು ಹಾಕಿ ಉಜ್ಜಿದೆ. ತಪ್ಪಾಯಿತು. ಉಜ್ಜಿದ ಸಿಮೆಂಟ್ ಕೆಸರಾಗಿ ರಂಧ್ರಗಳಲ್ಲೇ ಕೂತು ಒಣಗಿತು, ನೆಲ ಇನ್ನೂ ನುಣ್ಣಗಾಯಿತು. ಒಂದು ದಿನದ ಬಾಡಿಗೆ, ಒಂದು ದಿನದ ಕೂಲಿ ದಂಡ. ಎರಡನೇ ದಿನ ಕಲ್ಲಿನ ಬದಲು ಡೈಮಂಡ್ ಹಲ್ಲು (ವಜ್ರದ ಪುಡಿ ಸೇರಿಸಿದ ಉಜ್ಜುವ ತುಂಡು) ಹಾಕಿಸಿ ಒಣಗಿದ ನೆಲದ ಮೇಲೆ ಓಡಿಸಿದೆ. ಧೂಳು ಎಷ್ಟಿತ್ತು ಅಂದರೆ ಶಟರ್ ಪಕ್ಕ ನಿಂತ ಹುಡುಗ ಕಾಣುತ್ತಿರಲಿಲ್ಲ. ಒಳ್ಳೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ, ಕರ್ಚೀಫ್ ಕಟ್ಟಿದರೆ ಆಗುವುದಿಲ್ಲ. ಗೋಡೆ ಅಂಚಿಗೆ ಕೈ ಗ್ರೈಂಡರಿಗೆ ಡೈಮಂಡ್ ಕಪ್ ಹಾಕಿ ಮುಗಿಸಿದೆ, ಎರಡು ಕಪ್ ಸವೆಯಿತು. ಸರಿಯಾಗಿ ಉಜ್ಜಿದ ನೆಲ ಹೇಗಿರುತ್ತದೆ ಅಂದರೆ, ಅಂಗೈ ಸವರಿದರೆ ಒರಟು ಮರಳು ಕಾಗದದ ಹಾಗಿರಬೇಕು. ಒಳಗಿನ ಮರಳಿನ ಕಣ ಕಣ್ಣಿಗೆ ಕಾಣಬೇಕು. ನೀರಿನ ಹನಿ ಬಿಟ್ಟರೆ ತಕ್ಷಣ ಹರಡಿ ಇಂಗಬೇಕು. ಆಮೇಲೆ ವ್ಯಾಕ್ಯೂಮ್ ಹೊಡೆದೆ. ಒಮ್ಮೆ ಅಲ್ಲ, ಮೂರು ಸಲ.

ಎಪಾಕ್ಸಿ ಹೊಡೆಯುವುದು ಇದರ ಮುಂದೆ ಸುಲಭ. ಆದರೂ ಅಲ್ಲೂ ಎರಡು ಪೆಟ್ಟು ಬಿತ್ತು. ಮಾರ್ಚ್ ಮಧ್ಯಾಹ್ನ, 34 ಡಿಗ್ರಿ ಇದ್ದಿರಬೇಕು, ನಾಲ್ಕು ಕೇಜಿ ಒಟ್ಟಿಗೇ ಕಲಸಿದೆ. ಯಾವುದೋ ಫೋನ್ ಬಂತು ಅಂತ ಬಕೆಟ್ ಪಕ್ಕಕ್ಕಿಟ್ಟೆ. ಹತ್ತು ನಿಮಿಷದಲ್ಲಿ ಬಕೆಟ್ ಮುಟ್ಟಲಾಗದಷ್ಟು ಬಿಸಿ, ಹೊಗೆ, ಇನ್ನೈದು ನಿಮಿಷಕ್ಕೆ ಕಲ್ಲು. ಸಾವಿರದ ಐನೂರು, ಹದಿನಾರುನೂರು ರೂಪಾಯಿ ಮಾಲು. ಕಲಸಿದ ತಕ್ಷಣ ನೆಲಕ್ಕೆ ಸುರಿದುಬಿಡಬೇಕು, ಹರಡಿದರೆ ಬಿಸಿ ಏರುವುದಿಲ್ಲ.

ಎರಡನೆಯದು ಗುಳ್ಳೆ. ಬಿಸಿಲು ಬೇಡ ಅಂತ ಬೆಳಗ್ಗೆ ಏಳಕ್ಕೆ ಪ್ರೈಮರ್ ಹೊಡೆದೆ. ಹತ್ತರ ಹೊತ್ತಿಗೆ ಶೀಟು ಕಾದು ನೆಲವೂ ಬಿಸಿಯಾಯಿತು, ಕಾಂಕ್ರೀಟ್ ಒಳಗಿನ ಗಾಳಿ ಹಿಗ್ಗಿ ಮೇಲೆ ಬಂತು. ಸೂಜಿ ಚುಚ್ಚಿದ ಹಾಗೆ ತೂತು. ಆ ಭಾಗ ಮತ್ತೆ ಉಜ್ಜಿ, ಮಾರನೇ ದಿನ ಸಂಜೆ ಐದಕ್ಕೆ ಶುರು ಮಾಡಿದೆ. ನೆಲ ತಣಿಯುವ ಹೊತ್ತಿಗೆ ಕಾಂಕ್ರೀಟ್ ಗಾಳಿ ಬಿಡುವುದಿಲ್ಲ, ಪ್ರೈಮರ್ ಒಳಗೆ ಎಳೆದುಕೊಳ್ಳುತ್ತದೆ. ಒಂದೇ ಒಂದು ತೂತಿಲ್ಲ. ಸಂಜೆಯ ತೊಂದರೆ ಹುಳ. ಒಳಗಿನ ಟ್ಯೂಬ್‌ಲೈಟ್ ಆರಿಸಿ, ಇಪ್ಪತ್ತಡಿ ಆಚೆ ರಸ್ತೆ ಕಡೆಗೆ ಒಂದು ದೊಡ್ಡ ಬಲ್ಬ್ ಹಾಕಿದೆ. ಹುಳ ಎಲ್ಲ ಅಲ್ಲಿಗೆ ಹೋದವು. ಕತ್ತಲಾಗುವುದರೊಳಗೆ ರೋಲರ್ ಕೆಲಸ ಮುಗಿಸಬೇಕು ಅಷ್ಟೆ.

ಕಲಸುವಾಗ ತೂಕದ ಲೆಕ್ಕವೋ ಅಳತೆಯ ಲೆಕ್ಕವೋ ಅಂತ ಡಬ್ಬಿ ಮೇಲೆ ಓದಿಕೊಳ್ಳಿ, ಎರಡೂ ಒಂದೇ ಅಲ್ಲ. ಕಲಸಿದ ಮೇಲೆ ಬೇರೆ ಬಕೆಟ್ಟಿಗೆ ಸುರಿದು ಮತ್ತೆ ಕಲಸಿ. 2022ರಲ್ಲಿ ಬಕೆಟ್ ಗೋಡೆಗೆ ಅಂಟಿ ಸರಿಯಾಗಿ ಕಲಸದೆ ಉಳಿದದ್ದನ್ನೂ ಕೆರೆದು ಹೊಡೆದಿದ್ದೆ, ಆ ಜಾಗ ತಿಂಗಳಾದರೂ ಬೆಲ್ಲದ ಹಾಗೆ ಅಂಟುತ್ತಿತ್ತು.

ಜಾರಬಾರದು ಅಂತ ಪ್ರೈಮರ್ ಹಸಿ ಇರುವಾಗಲೇ ಮರಳು ಎರಚಿದೆ. ಎಂ ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಜರಡಿ ಹಿಡಿದು ನೋಡಿದೆ, ಪುಡಿ ಜಾಸ್ತಿ. ಹೊಳೆ ಮರಳು ತೊಳೆದು ಒಣಗಿಸಿದರೂ ಮಣ್ಣಿನ ಅಂಶ ಬಿಡಲಿಲ್ಲ. ಕೊನೆಗೆ ಮಾಚೇನಹಳ್ಳಿ ಕಡೆಯ ಫೌಂಡ್ರಿಯಲ್ಲಿ ಕೆಲಸ ಮಾಡುವ ಗೆಳೆಯರ ಮೂಲಕ ಹೊಸ ಸಿಲಿಕಾ ಮರಳು ಎರಡು ಚೀಲ ತರಿಸಿದೆ. ಬಳಸಿದ ಮರಳು ತರಬೇಡಿ. ಮಾರನೇ ದಿನ ಅಂಟದೆ ಉಳಿದದ್ದನ್ನು ಗುಡಿಸಿ ತೆಗೆದು, ಅದರ ಮೇಲೆ ಎರಡು ಕೋಟ್. ಕೋಟ್ ನಡುವೆ ಒಂದು ದಿನಕ್ಕಿಂತ ಜಾಸ್ತಿ ಬಿಟ್ಟರೆ ಮರಳು ಕಾಗದ ಹಿಡಿಯಲೇಬೇಕು. ಶಟರ್ ಹತ್ತಿರ ಬಿಸಿಲು ಬೀಳುವ ನಾಲ್ಕಡಿಗೆ ಮೇಲೊಂದು ಪಿಯು (ಪಾಲಿಯುರೆಥೇನ್, ಬಿಸಿಲು ತಡೆಯುವ ಪೇಂಟ್) ಕೋಟ್ ಕೊಟ್ಟೆ, ಇಲ್ಲದಿದ್ದರೆ ಎಪಾಕ್ಸಿ ಹಳದಿ ತಿರುಗುತ್ತದೆ.

ಉಳಿದ ಮಾಲನ್ನು ಒಂದು ಕಡಪ ಕಲ್ಲಿನ ತುಂಡಿಗೆ ಬಳಿದು, ವಾರ ಬಿಟ್ಟು ಪೆಟ್ರೋಲ್, ಬ್ಯಾಟರಿ ಆಸಿಡ್, ಬ್ರೇಕ್ ಆಯಿಲ್ ತೊಟ್ಟಿಕ್ಕಿಸಿ ಒಂದು ರಾತ್ರಿ ಬಿಟ್ಟೆ. ಪೆಟ್ರೋಲಿಗೆ ಏನೂ ಆಗಲಿಲ್ಲ. ಆಸಿಡ್ ಹೊಳಪು ತಿಂದಿತು. ಬ್ರೇಕ್ ಆಯಿಲ್ ಬಿದ್ದ ಜಾಗ ಉಗುರಿಗೆ ಮೆತ್ತಗಾಯಿತು. ಅದಕ್ಕೇ ನಮ್ಮಲ್ಲಿ ಬ್ರೇಕ್ ಕೆಲಸ ಅಂದರೆ ಕೆಳಗೆ ಟ್ರೇ ಕಡ್ಡಾಯ, ಹನಿ ಬಿದ್ದರೆ ಆಗಲೇ ಒರೆಸಬೇಕು.

ಖರ್ಚು ನೆನಪಿನಿಂದ ಹೇಳುತ್ತೇನೆ. ಪ್ರೈಮರ್, ಎಪಾಕ್ಸಿ, ಪಿಯು ಸೇರಿ 20 ಸಾವಿರ. ಮೆಷಿನ್, ಡೈಮಂಡ್, ಮರಳು, ರೋಲರ್, ಥಿನ್ನರ್ 8 ಸಾವಿರ. ಚರಂಡಿ ಮೊದಲೇ ಹೇಳಿದೆ. ಹದಿನೈದು ದಿನ ಗ್ಯಾರೇಜ್ ಮುಚ್ಚಿದ್ದು ಬೇರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾಂಟ್ರಾಕ್ಟರ್ ಒಬ್ಬರು ಚದರ ಅಡಿಗೆ 70 ರೂಪಾಯಿ ಕೇಳಿದ್ದರು. ಅಂದರೆ 42 ಸಾವಿರ, ಅದೂ ಬರೀ ಆಸಿಡ್ ವಾಶ್ ಮೇಲೆ. ಆಯಿಲ್ ಜಾಗಕ್ಕೆ ಗ್ಯಾರಂಟಿ ಇಲ್ಲ ಅಂತ ಮೊದಲೇ ಹೇಳಿದ್ದರು.

ಕೊನೆ ಕೋಟ್ ಆದ ಮೇಲೆ ಏಳು ದಿನ ಒಂದು ಬೈಕನ್ನೂ ಒಳಗೆ ಬಿಡಲಿಲ್ಲ. ಎಂಟನೇ ದಿನ ಟಿಂಕರಿಂಗ್ ಶೆಡ್ಡಿನವರ ವ್ಯಾನನ್ನೇ ಕರೆಸಿ ನಿಲ್ಲಿಸಿದೆ, ಬೆಳಗ್ಗೆಯಿಂದ ಸಂಜೆ ತನಕ. ತೆಗೆದಾಗ ಅವರೇ ಬಗ್ಗಿ ಬೆರಳಲ್ಲಿ ಕೆರೆದು ನೋಡಿದರು. ಟೈರಿನ ಕಪ್ಪು ಗುರುತು ಬಿಟ್ಟರೆ ಏನಿಲ್ಲ, ಅದೂ ಸೋಪಿಗೆ ಹೋಯಿತು. ಈ ಬೇಸಿಗೆಗೆ ಅವರ ಶೆಡ್ಡಿನ ನೆಲ ಉಜ್ಜುವುದಿದೆ, ಈಗಾಗಲೇ ಐದು ಕಡೆ ಹಾಳೆ ಅಂಟಿಸಿ ಬಂದಿದ್ದೇನೆ.