ಜೀವಕೋಶದ ಎಲೆಕ್ಟ್ರಾನ್ ಚಿತ್ರ ಓದುವುದು ಹೇಗೆ?

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಕೊಟ್ಟು ‘ಭಾಗಗಳನ್ನು ಗುರುತಿಸಿ’ ಎಂದರೆ ಚೆನ್ನಾಗಿ ಓದುವ ಮಕ್ಕಳೂ ಎಡವುತ್ತಾರೆ. ಉದ್ದಗಿರುವುದೆಲ್ಲ ಮೈಟೊಕಾಂಡ್ರಿಯ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ), ದುಂಡಗಿರುವುದೆಲ್ಲ ಲೈಸೊಸೋಮ್ (ಕೋಶದ ಕಸ ಕರಗಿಸುವ ಚೀಲ) ಎಂಬ ಉತ್ತರವನ್ನು ನಾನು ವರ್ಷಗಟ್ಟಲೆ ತಿದ್ದಿದ್ದೇನೆ. ಹೆಸರಿಡುವುದು ಕೊನೆಯ ಕೆಲಸ.

ಹಂತ 1: ಮೇಲ್ಮೈಯ ಉಬ್ಬುತಗ್ಗು ಕಂಡರೆ ಸ್ಕ್ಯಾನಿಂಗ್ ಚಿತ್ರ, ಒಳಭಾಗ ಚಪ್ಪಟೆಯಾಗಿ ಕಂಡರೆ ಟ್ರಾನ್ಸ್‌ಮಿಷನ್. ಬಣ್ಣವನ್ನು ನಂಬಬೇಡಿ, ಅದು ಆಮೇಲೆ ಹಚ್ಚಿದ್ದು. ಕಪ್ಪುಬಿಳುಪಿನಲ್ಲೇ ಕಲಿಯಿರಿ. ಫೋಟೊ ‘ಸ್ಪಷ್ಟಗೊಳಿಸುವ’ ಆ್ಯಪ್‌ಗಳನ್ನಂತೂ ಮುಟ್ಟಲೇಬೇಡಿ. ಇಲ್ಲದ ಗೆರೆಗಳನ್ನು ಸೇರಿಸಿಬಿಡುತ್ತವೆ.

ಹಂತ 2: ಅಳತೆಗೆರೆ ಹುಡುಕಿ, ಅಂದರೆ ‘ಇಷ್ಟುದ್ದ ಎಂದರೆ ಇಷ್ಟು ಅಳತೆ’ ಎಂದು ತೋರಿಸಲು ಚಿತ್ರದ ಮೇಲೆ ಹಾಕಿದ ಗೆರೆ. ಅಡಿಯಲ್ಲಿ ‘50,000 ಪಟ್ಟು’ ಎಂದಿದ್ದರೆ ಬಿಟ್ಟುಬಿಡಿ, ಮೊಬೈಲ್‌ನಲ್ಲಿ ಚಿತ್ರ ಹಿಗ್ಗಿಸಿದೊಡನೆ ಆ ಲೆಕ್ಕ ಕೆಡುತ್ತದೆ. ಗೆರೆಯಾದರೆ ಚಿತ್ರದ ಜೊತೆಗೇ ಹಿಗ್ಗುತ್ತದೆ. ಕಾಗದದ ಅಂಚಿಗೆ ಅದರ ಉದ್ದ ಗುರುತು ಹಾಕಿಕೊಂಡು ಅಳೆಯಿರಿ. ಮೈಟೊಕಾಂಡ್ರಿಯದ ಅಗಲ ಸಾಮಾನ್ಯವಾಗಿ ಅರ್ಧದಿಂದ ಒಂದು ಮೈಕ್ರೊಮೀಟರ್. ಪ್ರೋಟೀನ್ ಕಟ್ಟುವ ಕಣವಾದ ರೈಬೊಸೋಮ್ ಸುಮಾರು 25 ನ್ಯಾನೊಮೀಟರ್ (ಸಾವಿರ ನ್ಯಾನೊಮೀಟರ್ ಸೇರಿದರೆ ಒಂದು ಮೈಕ್ರೊಮೀಟರ್).

ಹಂತ 3: ಎಲ್ಲರೂ ಮುಗ್ಗರಿಸುವುದು ಇಲ್ಲೇ. ಟ್ರಾನ್ಸ್‌ಮಿಷನ್ ಚಿತ್ರದಲ್ಲಿರುವುದು ಇಡೀ ಕೋಶವಲ್ಲ. ಕೋಶವನ್ನು ರಾಳದಲ್ಲಿ ಹುದುಗಿಸಿ, ವಜ್ರದ ಅಲಗಿನಿಂದ ಸುಮಾರು 70 ನ್ಯಾನೊಮೀಟರ್ ದಪ್ಪಕ್ಕೆ ಕೊಯ್ದ ಒಂದು ಹೋಳು. 10 ಮೈಕ್ರೊಮೀಟರ್ ಕೋಶದಿಂದ ಇಂಥ ಸುಮಾರು 140 ಹೋಳು ಬರುತ್ತವೆ. ಅಡುಗೆಮನೆಗೆ ಹೋಗಿ ಬೆಂಡೆಕಾಯಿ ಹೆಚ್ಚಿ ನೋಡಿ. ಅಡ್ಡ ಕೊಯ್ದರೆ ಬಿಲ್ಲೆ, ಓರೆಯಾಗಿ ಕೊಯ್ದರೆ ಮೊಟ್ಟೆಯಾಕಾರ, ಸೀಳಿದರೆ ಪಟ್ಟಿ. ತುದಿಯನ್ನಷ್ಟೇ ಸವರಿದರೆ ಬೀಜವೇ ಕಾಣದು. ಮೈಟೊಕಾಂಡ್ರಿಯವೂ ಹಾಗೇ, ಒಂದೇ ಚಿತ್ರದಲ್ಲಿ ಇಲ್ಲಿ ದುಂಡಗೆ, ಅಲ್ಲಿ ಉದ್ದಕ್ಕೆ. ಚೆನ್ನಾಗಿ ಬಾಗಿದ ಬಾಳೆಹಣ್ಣಿನ ಎರಡೂ ತೋಳಿಗೆ ತಾಗುವಂತೆ ಒಮ್ಮೆ ಕತ್ತಿಯಾಡಿಸಿದರೆ ಎರಡು ಬಿಲ್ಲೆ ಸಿಗುತ್ತವಲ್ಲ? ಬಾಗಿದ ಒಂದೇ ಮೈಟೊಕಾಂಡ್ರಿಯವೂ ಹಾಗೆ ಎರಡಾಗಿ ಕಾಣಬಹುದು, ಆದ್ದರಿಂದ ಒಂದೇ ಹೋಳಿನಲ್ಲಿ ‘ಎಷ್ಟಿವೆ’ ಎಂದು ಎಣಿಸಬೇಡಿ. ಅದಕ್ಕೆ ಸಾಲು ಹೋಳುಗಳೇ ಬೇಕು. ಕೋಶಕೇಂದ್ರ ಕಾಣದಿದ್ದರೆ ಇಲ್ಲವೆಂದಲ್ಲ, ಅಲಗು ಬೇರೆ ಕಡೆ ಹಾದಿದೆ.

ಹಂತ 4: ಈಗ ಪೊರೆಗಳನ್ನು ಎಣಿಸಿ. ಎರಡು ಪೊರೆ, ಒಳಗಿನದು ಮಡಿಚಿಕೊಂಡಿದ್ದರೆ ಮೈಟೊಕಾಂಡ್ರಿಯ. ಎರಡು ಪೊರೆ, ಅಲ್ಲಲ್ಲಿ ರಂಧ್ರ ಇದ್ದರೆ ಕೋಶಕೇಂದ್ರ. ಲೈಸೊಸೋಮಿಗೆ ಒಂದೇ.

ಕಂಡದ್ದೆಲ್ಲ ನಿಜವೂ ಅಲ್ಲ. ಬ್ಯಾಕ್ಟೀರಿಯಾದ ‘ಮೀಸೊಸೋಮ್’ ಎಂದು ಪಿಯುಸಿಯಲ್ಲಿ ಉರುಹೊಡೆದ ಮಡಿಕೆ, ಕೋಶವನ್ನು ರಾಸಾಯನಿಕದಿಂದ ಗಟ್ಟಿಗೊಳಿಸುವಾಗ ಹುಟ್ಟಿದ್ದೆಂದು 1970ರ ದಶಕದಲ್ಲೇ ಗೊತ್ತಾಯಿತು.

ಇಷ್ಟು ಕೈಹಿಡಿದ ಮೇಲೆ ವಿಜ್ಞಾನಿಗಳಾದ ಆಸ್ಕರ್ ಮಿಲ್ಲರ್ ಮತ್ತು ಬಾರ್ಬರಾ ಬೀಟಿ 1969ರಲ್ಲಿ ಪ್ರಕಟಿಸಿದ ಚಿತ್ರವನ್ನು ತೆರೆಯಿರಿ. ಅದು ಹೋಳಲ್ಲ, ಉಭಯಚರದ ಅಂಡಕೋಶದಿಂದ ತೆಗೆದು ಹರಡಿದ ಡಿಎನ್ಎ. ನಡುವಿನ ಎಳೆ ಡಿಎನ್ಎ, ಕ್ರಿಸ್‌ಮಸ್ ಮರದ ಕೊಂಬೆಗಳಂತೆ ಚಾಚಿರುವುದು ಅದರಿಂದ ನಕಲಾಗುತ್ತ ಬೆಳೆಯುತ್ತಿರುವ ಆರ್‌ಎನ್‌ಎ. ಗಿಡ್ಡ ಕೊಂಬೆಯ ಕಡೆ ಜೀನ್ ಶುರುವಾಗುತ್ತದೆ. ಉದ್ದ ಕೊಂಬೆಯ ಕಡೆಗೆ ಓದುತ್ತ ಹೋಗಿ.