ಕೋಳಿ, ಬಾತುಕೋಳಿ ಒಟ್ಟಿಗಿರುವಾಗ ಕಾಕ್ಸಿಡಿಯೋಸಿಸ್: ನಾನು ಮಾಡಿದ ಚಿಕಿತ್ಸೆ

ಕೋಳಿಮರಿಗಳಿಗೆ ಕಾಕ್ಸಿಡಿಯೋಸಿಸ್, ಅಂದರೆ ಕರುಳಿಗೆ ಸೇರುವ ಸೂಕ್ಷ್ಮ ಪರಾವಲಂಬಿಯಿಂದಾಗುವ ರೋಗ, ಹೆಚ್ಚಾಗಿ ಬರುವುದು 3ರಿಂದ 6 ವಾರದ ವಯಸ್ಸಿನಲ್ಲಿ. ನಮ್ಮಲ್ಲೂ ಆ ವಯಸ್ಸಿಗೇ ಬಂತು. ಕೆಲವು ಮರಿಗಳು ಗರಿ ಉಬ್ಬಿಸಿಕೊಂಡು, ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ತೂಕಡಿಸುತ್ತಿದ್ದವು. ಮೇವು ಹಾಕಿದರೂ ಹತ್ತಿರ ಬರಲಿಲ್ಲ. ಆಮೇಲೆ ಹಿಕ್ಕೆಯಲ್ಲಿ ರಕ್ತ ಕಂಡಿತು.

ತಾಜಾ ಹಿಕ್ಕೆಯನ್ನು ಪಶುವೈದ್ಯರ ಹತ್ತಿರ ಒಯ್ದು ಪರೀಕ್ಷೆ ಮಾಡಿಸಿದೆ. ಇದನ್ನು ಬಿಡಬೇಡಿ. ಕರುಳಿನ ಒಳಪೊರೆ ಚೂರು ಕಳಚಿ ಬಂದರೂ ಹಿಕ್ಕೆ ಕೆಂಪಗೆ ಕಾಣುತ್ತದೆ. ಆರೋಗ್ಯವಾಗಿರುವ ಕೋಳಿಯೂ ಆಗಾಗ ಕಂದು ಬಣ್ಣದ, ಅಂಟಂಟು ಹಿಕ್ಕೆ ಹಾಕುತ್ತದೆ. ನಮ್ಮ ಮರಿಗಳದ್ದರಲ್ಲಿ ಈ ರೋಗ ತರುವ ಐಮೀರಿಯಾ ಪರಾವಲಂಬಿಯ ಮೊಟ್ಟೆಯಂಥ ಕೋಶಗಳು, ಅಂದರೆ ಊಸಿಸ್ಟ್‌ಗಳು ತುಂಬಾ ಸಿಕ್ಕವು.

ವೈದ್ಯರು ಆಂಪ್ರೋಲಿಯಂ ಬರೆದುಕೊಟ್ಟರು. ಕಾಯಿಲೆ ಬಿದ್ದ ಮರಿ ಮೇವು ಬಿಟ್ಟರೂ ನೀರು ಕುಡಿಯುತ್ತದೆ, ಹಾಗಾಗಿ ಔಷಧಿ ನೀರಿನಲ್ಲೇ. ನಮ್ಮದು 20% ಪುಡಿ. ಮೊದಲ 5 ದಿನ ಲೀಟರಿಗೆ 1.2 ಗ್ರಾಂ, ಆಮೇಲೆ ಒಂದು ವಾರ 0.3 ಗ್ರಾಂ. ಪುಡಿಯ ಶಕ್ತಿ ಬೇರೆ ಇದ್ದರೆ ಲೆಕ್ಕವೂ ಬೇರೆ, ಲೇಬಲ್ ನೋಡಿಯೇ ಅಳೆಯಿರಿ. ದಿನಾ ಬೆಳಿಗ್ಗೆ ಹೊಸದಾಗಿ ಕಲಸುತ್ತಿದ್ದೆ. ಮೊಟ್ಟೆ ಇಡುವ ಕೋಳಿಗೆ ಕೊಡುವುದಾದರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ವೈದ್ಯರನ್ನೇ ಕೇಳಬೇಕು.

ಇಲ್ಲಿಂದ ಮುಂದಿನದೇ ಕಷ್ಟದ ಕೆಲಸ, ಬಾತುಗಳಿವೆಯಲ್ಲ! ಬಾತಿಗೆ ಮೂಗು, ಕಣ್ಣು ತೊಳೆದುಕೊಳ್ಳುವಷ್ಟು ಆಳದ ನೀರು ಬೇಕೇ ಬೇಕು, ತೊಟ್ಟಿ ತೆಗೆಯುವಂತಿಲ್ಲ. ಪಕ್ಕದಲ್ಲಿ ತೊಟ್ಟಿ ಇದ್ದರೆ ಮರಿಗಳು ಅದರ ನೀರನ್ನೇ ಕುಡಿಯುತ್ತವೆ, ಔಷಧಿ ನೀರು ಹಾಗೇ ಉಳಿಯುತ್ತದೆ. ಔಷಧಿ ನೀರಿಗೆ ಬಾತು ಕೊಕ್ಕು ಹಾಕಿದರೆ ಅರ್ಧ ನೆಲಕ್ಕೆ. ಹಾಗಾಗಿ ಮೊದಲ ದಿನವೇ ಅಂಗಳಕ್ಕೆ ಅಡ್ಡ ಜಾಲರಿ ಕಟ್ಟಿ, ಬಾತುಗಳನ್ನು ತೊಟ್ಟಿಯ ಸಮೇತ ಇಳಿಜಾರಿನ ಕಡೆಗೆ ಕಳಿಸಿದೆ. ಚೆಲ್ಲಿದ ನೀರು ಮರಿಗಳ ಕಡೆ ಹರಿಯಬಾರದು, ಅಲ್ವಾ?

ಬಾತುಗಳಿಗೆ ಔಷಧಿ ಕೊಡಲಿಲ್ಲ. ಕೋಳಿಯ ಐಮೀರಿಯಾ ಬಾತಿಗೆ ಅಂಟುವುದಿಲ್ಲ. ಬಾತಿಗೆ ಈ ರೋಗ ತರುವ ಪರಾವಲಂಬಿ ಬೇರೆ ಜಾತಿಯದು. ಚುರುಕಾಗಿ ತಿಂದುಕೊಂಡಿದ್ದ ಬಾತಿಗೆ ಸುಮ್ನೆ ಯಾಕೆ ಔಷಧಿ? ಆದರೆ ಅವುಗಳ ಒದ್ದೆ ಕಾಲು ಕೋಳಿ ಹಿಕ್ಕೆಯನ್ನು ಎಲ್ಲ ಕಡೆ ಹರಡುತ್ತದೆ. ನಮ್ಮ ಚಪ್ಪಲಿಯೂ ಅಷ್ಟೇ. ಹಾಗಾಗಿ ಮೊದಲು ಬಾತುಗಳ ಕೆಲಸ ಮುಗಿಸಿ, ಕಾಯಿಲೆ ಮರಿಗಳ ಹತ್ತಿರ ಕೊನೆಗೆ ಹೋಗುತ್ತಿದ್ದೆ.

ಇನ್ನೊಂದು ವಿಷಯ ಬಾತು ಸಾಕುವವರು ಗಮನಿಸಲೇಬೇಕು. ಬಾತುಮರಿಗೆ ನಿಯಾಸಿನ್ (ಬಿ3 ವಿಟಮಿನ್) ಜಾಸ್ತಿ ಬೇಕು ಅಂತ ನಮ್ಮಲ್ಲಿ ಹಲವರು ಎಲ್ಲರ ನೀರಿಗೂ ಬಿ-ಕಾಂಪ್ಲೆಕ್ಸ್ ಹಾಕುತ್ತೇವೆ. ಆಂಪ್ರೋಲಿಯಂ ರಚನೆಯಲ್ಲಿ ಬಿ1 ವಿಟಮಿನ್ ಅನ್ನು ಹೋಲುತ್ತದೆ, ಪರಾವಲಂಬಿಗೆ ಬಿ1 ಸಿಗದಂತೆ ತಡೆಯುತ್ತದೆ. ಅದೇ ಹೊತ್ತಿಗೆ ನಾವು ಬಿ-ಕಾಂಪ್ಲೆಕ್ಸ್ ರೂಪದಲ್ಲಿ ಬಿ1 ಸುರಿದರೆ ಔಷಧಿಯ ಬಲ ಕುಗ್ಗುತ್ತದೆ. ಬೇಲಿಯ ಆ ಕಡೆ ಬಾತುಗಳಿಗೆ ಬಿ-ಕಾಂಪ್ಲೆಕ್ಸ್ ಮುಂದುವರಿಸಿದೆ, ಈ ಕಡೆ ಮರಿಗಳಿಗೆ ಪೂರ್ತಿ ನಿಲ್ಲಿಸಿದೆ. ಔಷಧಿ ಮುಗಿದ ಮೇಲೆ ಮರಿಗಳಿಗೆ ವಿಟಮಿನ್ ಎ ಮತ್ತು ಕೆ ಕೊಟ್ಟೆ.

ಹಿಕ್ಕೆಯಲ್ಲಿ ಬಿದ್ದ ಊಸಿಸ್ಟ್‌ಗೆ ಬಿಸಿ, ತೇವ, ಗಾಳಿ ಸಿಕ್ಕರೆ ಒಂದೆರಡು ದಿನದಲ್ಲೇ ರೋಗ ಹರಡಲು ಸಿದ್ಧವಾಗುತ್ತದೆ. ಬ್ಲೀಚ್‌ಗೆ ಅದು ಜಗ್ಗುವುದಿಲ್ಲ. ದಿನಾ ನೀರಿನ ಪಾತ್ರೆಯ ಸುತ್ತ ಒದ್ದೆಯಾದ ಹೊಟ್ಟನ್ನು ಕೆರೆದು ತೆಗೆದು, ಒಣ ಹೊಟ್ಟು ಹರಡಿದೆ. ಬೇಜಾರಿನ ಕೆಲಸ, ಆದರೆ ಔಷಧಿಯಷ್ಟೇ ಮುಖ್ಯ.

ತೀರಾ ಬಳಲಿದ್ದ ಒಂದು ಮರಿ ಉಳಿಯಲಿಲ್ಲ. ಉಳಿದವು ಮೆಲ್ಲಗೆ ಮೇವಿಗೆ ಬಂದವು. ಚೇತರಿಸಿಕೊಂಡ ಕೋಳಿಗೆ ಆ ಒಂದು ಜಾತಿಯ ಐಮೀರಿಯಾ ವಿರುದ್ಧ ಮಾತ್ರ ರಕ್ಷಣೆ ಬರುತ್ತದೆ, ಬೇರೆ ಜಾತಿಯದು ಮತ್ತೆ ತಗುಲಬಹುದು. ಅದಕ್ಕೇ ಬಾತುಗಳ ತೊಟ್ಟಿ ಈಗಲೂ ಇಳಿಜಾರಿನ ಕಡೆಯೇ ಇದೆ, ಕೆಳಗೆ ಜಲ್ಲಿ ಹಾಸಿ ಮೇಲೆ ಜಾಲರಿ ಇಟ್ಟಿದ್ದೇನೆ.