ಬಸುರಿ ಹುಡುಗಿಗಾಗಿ ನಮ್ಮ ಆಫೀಸಿನಲ್ಲಿ ಬದಲಿಸಿದ್ದು: ನನ್ನ ಅನುಭವ

ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿ ನಾನು ಮ್ಯಾನೇಜರ್. ಕಂಪ್ಯೂಟರು, ಜೆರಾಕ್ಸ್ ಮಷೀನು, ಯುಪಿಎಸ್ಸು, ಸ್ಟೇಷನರಿ ಎಲ್ಲ ನನ್ನ ಜವಾಬ್ದಾರಿ. ಜಿಎಸ್‌ಟಿ ಕೆಲಸ ನೋಡುವ ಹುಡುಗಿ ಬಸುರಿಯಾದಾಗ ಅವಳ ಮನೆಯವರಿಗೆ ಇದ್ದ ಭಯ ಒಂದೇ, ಕಂಪ್ಯೂಟರ್ ರೇಡಿಯೇಷನ್. ಹೊಟ್ಟೆಗೆ ಕಟ್ಟಿಕೊಳ್ಳುವ ಏಪ್ರನ್ ತರಿಸಲು ಅತ್ತೆ ಹೊರಟಿದ್ದರು.

"ಅಕ್ಕಾ, ಸ್ಕ್ರೀನ್ ಮುಂದೆ ಕೂರಬಹುದಾ?" ಅಂತ ಕೇಳಿದಳು. ಕೂರಬಹುದು ಅಂದೆ. ಈ ಭಯ ಒಳಗೆ ಪಿಕ್ಚರ್ ಟ್ಯೂಬ್ ಇದ್ದ ಹಳೆಯ ದಪ್ಪ ಮಾನಿಟರ್‌ಗಳ ಕಾಲದ್ದು. ಆಗ ಅಮೆರಿಕದ ಒಂದು ಸರ್ಕಾರಿ ಸಂಸ್ಥೆ ಟೆಲಿಫೋನ್ ಆಪರೇಟರ್ ಹೆಂಗಸರನ್ನು ಪರೀಕ್ಷಿಸಿ ನೋಡಿತ್ತು. ಮಾನಿಟರ್ ಮುಂದೆ ಕೆಲಸ ಮಾಡಿದವರಲ್ಲಿ ಗರ್ಭಪಾತ ಜಾಸ್ತಿಯಾಗಿಲ್ಲ ಅಂತ 1991ರಲ್ಲಿ ಅದರ ಫಲಿತಾಂಶ ಬಂತು. ಈಗಿನ ಎಲ್‌ಇಡಿ ಪರದೆಯಲ್ಲಂತೂ ಆ ಪಿಕ್ಚರ್ ಟ್ಯೂಬೇ ಇಲ್ಲ. ಅವಳ ಡಾಕ್ಟರೂ ಹೆದರಬೇಡಿ ಅಂದರು. ಏಪ್ರನ್ ಮಾತು ಅಲ್ಲಿಗೆ ನಿಂತಿತು.

ನನಗೆ ಚಿಂತೆ ಇದ್ದದ್ದು ಪೇಪರ್ ಬಾಕ್ಸಿನದು. 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ) ಎ4 ಹಾಳೆಯ ಒಂದು ರಿಮ್, ಅಂದರೆ 500 ಹಾಳೆ, ಸುಮಾರು 2.3 ಕೆಜಿ. ಐದು ರಿಮ್ಮಿನ ಬಾಕ್ಸು 12 ಕೆಜಿ ಹತ್ತಿರ. ನಮ್ಮಲ್ಲಿ ಹಾಳೆ ಖಾಲಿಯಾದರೆ ಹತ್ತಿರ ಇದ್ದವರೇ ಎತ್ತಿ ತರುವ ರೂಢಿ. ಹಳೆಯ ಫೈಲುಗಳೋ ಅಟ್ಟದ ಮೇಲೆ, ಸ್ಟೂಲು ಹತ್ತಿ ಇಳಿಸಬೇಕು. ಬಸುರಿಯರಿಗೆ ಕೀಲುಗಳು ಸಡಿಲವಾಗಿರುತ್ತವೆ, ಹೊಟ್ಟೆ ಮುಂದೆ ಬಂದಷ್ಟೂ ತೂಕ ಹಿಡಿತಕ್ಕೆ ಸಿಗುವುದಿಲ್ಲ. ಬಾಕ್ಸ್ ಎತ್ತುವುದು, ಸ್ಟೂಲು ಹತ್ತುವುದು ಎರಡನ್ನೂ ಅವಳಿಗೆ ಪೂರ್ತಿ ನಿಲ್ಲಿಸಿದೆ. ಬೆಳಿಗ್ಗೆಯೇ ಆಫೀಸ್ ಹುಡುಗ ಟ್ರೇ ತುಂಬಿಸಿಡಬೇಕು ಅಂತ ಮಾಡಿದೆ.

ಆಮೇಲೆ ಜೆರಾಕ್ಸ್ ಮಷೀನು. ಅದರ ಬೆಳಕಿನಿಂದ ಮಗುವಿಗೆ ಏನೂ ಆಗುವುದಿಲ್ಲ. ಆದರೆ ಲೇಸರ್ ಪ್ರಿಂಟರು, ಜೆರಾಕ್ಸ್ ಎರಡೂ ಓಡುವಾಗ ತೀರಾ ಸಣ್ಣ ಕಣಗಳನ್ನು ಬಿಡುತ್ತವೆ, ಸ್ವಲ್ಪ ಓಜೋನ್ ಕೂಡ. ದೊಡ್ಡ ಗಾಳಿಯಾಡುವ ಹಾಲ್‌ನಲ್ಲಿ ಅದು ಅಷ್ಟೇನೂ ಲೆಕ್ಕಕ್ಕಿಲ್ಲ. ನಮ್ಮದು ಕಿಟಕಿ ಮುಚ್ಚಿದ ಎಸಿ ರೂಮು, ಸೆಪ್ಟೆಂಬರ್ ಬಂತೆಂದರೆ ಟ್ಯಾಕ್ಸ್ ಆಡಿಟ್ಟಿಗೆ ಮಷೀನು ದಿನವಿಡೀ ಓಡುತ್ತದೆ. ಅವಳ ಟೇಬಲ್ಲು ಅದರ ಪಕ್ಕದಲ್ಲೇ ಇತ್ತು! ಮಷೀನನ್ನು ಹೊರಗಿನ ಪ್ಯಾಸೇಜಿಗೆ, ಕಿಟಕಿ ಹತ್ತಿರ ಸಾಗಿಸಿದೆವು. ಮೊದಲ ತಿಂಗಳುಗಳಲ್ಲಿ ಆ ಬಿಸಿ ವಾಸನೆಗೇ ಅವಳಿಗೆ ವಾಂತಿ ಬರುತ್ತಿತ್ತು. ಅದೊಂದು ಕಾರಣವೇ ಸಾಕಿತ್ತು.

ಇದಕ್ಕಿಂತ ಮುಖ್ಯ, ಸರ್ವಿಸ್‌ಗೆ ಬರುವ ಹುಡುಗ. ಮಷೀನು ಬಿಚ್ಚಿ ಬ್ಲೋಯರ್ ಹಿಡಿದನೆಂದರೆ ಟೋನರ್, ಅಂದರೆ ಇಂಕಿನ ಬದಲು ಹಾಕುವ ಸಣ್ಣ ಪುಡಿ, ರೂಮೆಲ್ಲ ಹಾರುತ್ತದೆ. ಬಸುರಿಯೇ ಯಾಕೆ, ಯಾರೂ ಅದನ್ನು ಉಸಿರಾಡಬಾರದು. ಅವನಿಗೆ ಸಂಜೆ, ಎಲ್ಲರೂ ಹೋದ ಮೇಲೆ ಬಾ ಅಂದೆ. ಟೋನರ್ ಚೆಲ್ಲಿದರೆ ಪೊರಕೆ ಹಿಡಿಯುವಂತಿಲ್ಲ, ತಣ್ಣೀರಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಬೇಕು. ಬಿಸಿನೀರು ಹಾಕಿದರೆ ಅದರಲ್ಲಿರುವ ಪ್ಲಾಸ್ಟಿಕ್ ಕರಗಿ ಅಂಟಿಕೊಳ್ಳುತ್ತದೆ.

ನೆಲದ ಮೇಲಿನ ಎಕ್ಸ್‌ಟೆನ್ಷನ್ ವೈರುಗಳನ್ನು ಗೋಡೆಗೆ ಕೇಸಿಂಗ್ ಹಾಕಿಸಿ ಎತ್ತಿಸಿದೆ. ಅವಳಿಗೆ ಬೆನ್ನಿಗೆ ಆಸರೆ ಇರುವ ಕುರ್ಚಿ, ಕಾಲಿಡಲು ಒಂದು ಮಣೆ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲೇಬೇಕು ಅಂತ ನಾನೇ ಹಿಂದೆ ಬೀಳುತ್ತಿದ್ದೆ. ಜೆಲ್ ಪೆನ್ನಿನ ಡಬ್ಬಿಯ ಜಾಗಕ್ಕೆ ನೀರಿನ ಬಾಟಲಿ ಬಂತು.

ನಮ್ಮ ಸಾಹೇಬರು ಕೇಳಿದರು, "ಇಷ್ಟೆಲ್ಲ ಬೇಕಾ?" ಕಾನೂನು ತೋರಿಸಿದೆ. ಕಷ್ಟದ ಕೆಲಸ, ಬಹಳ ಹೊತ್ತು ನಿಲ್ಲುವ ಕೆಲಸ ಬೇಡ ಅಂತ ಬಸುರಿ ಕೇಳಿಕೊಂಡರೆ ಕೊಡಬಾರದು ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಆದರೆ ಅದು ಹೆರಿಗೆಗೆ ಮುಂಚಿನ ಹತ್ತು ವಾರಕ್ಕೆ ಮಾತ್ರ, ಅದೂ ಅವಳೇ ಕೇಳಬೇಕು. ಆ ಕೊನೆಯ ಹತ್ತು ವಾರ ಬರುವವರೆಗೆ ಯಾಕೆ ಕಾಯಬೇಕು? ಎಷ್ಟೋ ಹುಡುಗಿಯರು ಸಂಕೋಚಕ್ಕೆ ಬಾಯೇ ಬಿಡುವುದಿಲ್ಲ. ಹಾಗಾಗಿ ವಿಷಯ ಗೊತ್ತಾದ ವಾರದಲ್ಲೇ ನಾವೇ ಕೂರಿಸಿ ಕೇಳಬೇಕು ಅಂತ ಸಾಹೇಬರನ್ನು ಒಪ್ಪಿಸಿದೆ. ಈಗ ನಮ್ಮ ಆಫೀಸಿನಲ್ಲಿ ಅದೇ ನಡೆಯುತ್ತಿದೆ.